ದೋಣಿ ತೊಳೆಯುವ ಶುಚಿಕಾರಕಗಳು

ದೋಣಿ ತೊಳೆಯುವ ಶುಚಿಕಾರಕಗಳು ಎಂದರೆ ದೋಣಿಯ ಒಡಲು, ಡೆಕ್ಕು, ಕಿಟಕಿ, ಆಸನ, ಯಂತ್ರದ ಕೋಣೆ ಮೊದಲಾದ ಭಾಗಗಳಿಗೆ ಅಂಟಿದ ಉಪ್ಪು, ಪಾಚಿ, ಎಣ್ಣೆ, ತುಕ್ಕು, ಬೂಷ್ಟು ಮುಂತಾದ ಕೊಳೆಯನ್ನು ತೆಗೆಯಲು ಬಳಸುವ ಪದಾರ್ಥಗಳು. ಇವುಗಳಲ್ಲಿ ಸಾಬೂನು, ಮಾರ್ಜಕ, ಆಮ್ಲ, ಕ್ಷಾರ, ಚಲುವೆಕಾರಕ, ದ್ರಾವಕ ಮತ್ತು ಉಜ್ಜುಪುಡಿಗಳು ಸೇರುತ್ತವೆ.

ದೋಣಿಯನ್ನು ತೊಳೆಯುವ ಕೆಲಸ ಮನೆಯ ನೆಲವನ್ನೋ ರಸ್ತೆಯ ವಾಹನವನ್ನೋ ತೊಳೆಯುವುದಕ್ಕಿಂತ ಎರಡು ಕಾರಣಗಳಿಂದ ಭಿನ್ನವಾಗಿದೆ. ಮೊದಲನೆಯದಾಗಿ, ಒಂದೇ ದೋಣಿಯಲ್ಲಿ ಫೈಬರ್‌ಗ್ಲಾಸ್, ಮರ, ಅಲ್ಯೂಮಿನಿಯಂ, ಉಕ್ಕು, ಪಾರದರ್ಶಕ ಪ್ಲಾಸ್ಟಿಕ್, ರಬ್ಬರ್ ಮೊದಲಾದ ಹಲವು ವಸ್ತುಗಳಿರುತ್ತವೆ. ಒಂದಕ್ಕೆ ಹೊಂದುವ ಶುಚಿಕಾರಕ ಮತ್ತೊಂದನ್ನು ಕೆಡಿಸಬಹುದು. ಎರಡನೆಯದಾಗಿ, ನೀರಿನಲ್ಲಿ ನಿಂತ ದೋಣಿಯನ್ನು ತೊಳೆದಾಗ ಆ ಕೊಳೆನೀರು ಯಾವ ಶುದ್ಧೀಕರಣವೂ ಇಲ್ಲದೆ ಹೊಳೆ, ಕೆರೆ ಅಥವಾ ಕಡಲನ್ನು ಸೇರುತ್ತದೆ. ಆದ್ದರಿಂದ ಶುಚಿಕಾರಕದ ಆಯ್ಕೆ ಮೂರು ಪ್ರಶ್ನೆಗಳನ್ನು ಅವಲಂಬಿಸಿದೆ: ಕೊಳೆ ಯಾವುದು, ಅದು ಅಂಟಿರುವ ಮೇಲ್ಮೈ ಯಾವುದು, ತೊಳೆದ ನೀರು ಎಲ್ಲಿಗೆ ಹೋಗುತ್ತದೆ.

ಇತಿಹಾಸ

ಮರದ ಹಡಗುಗಳ ಕಾಲದಲ್ಲಿ ತಳಭಾಗದ ಶುಚೀಕರಣ ದೊಡ್ಡ ಕೆಲಸವಾಗಿತ್ತು. ಉಬ್ಬರದ ಸಮಯದಲ್ಲಿ ಹಡಗನ್ನು ದಡಕ್ಕೆ ತಂದು, ನೀರು ಇಳಿದಾಗ ಒಂದು ಬದಿಗೆ ವಾಲಿಸಿ, ತಳಕ್ಕೆ ಅಂಟಿದ ಕಳೆ ಮತ್ತು ಚಿಪ್ಪುಗಳನ್ನು ಕೆರೆದು ಇಲ್ಲವೇ ಬೆಂಕಿಯಿಂದ ಸುಟ್ಟು ತೆಗೆಯುತ್ತಿದ್ದರು. ಬಳಿಕ ಡಾಂಬರು, ಗಂಧಕ, ಪ್ರಾಣಿಗಳ ಕೊಬ್ಬು ಮೊದಲಾದವುಗಳ ಮಿಶ್ರಣವನ್ನು ಬಳಿಯುತ್ತಿದ್ದರು. ಡೆಕ್ಕಿನ ಹಲಗೆಗಳನ್ನು ಮರಳು ಮತ್ತು ಮರಳುಗಲ್ಲಿನಿಂದ ಉಜ್ಜುವುದು ನೌಕಾಪಡೆಗಳಲ್ಲಿ ನಿತ್ಯದ ಕೆಲಸವಾಗಿತ್ತು.

1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ಪರೀಕ್ಷಿಸಿತು. ತಾಮ್ರವಿದ್ದ ಕಡೆ ಮರ ಕೊರೆಯುವ ಹುಳುವಾಗಲಿ ಪಾಚಿಯಾಗಲಿ ಹೆಚ್ಚು ಸೇರಲಿಲ್ಲ. ಆದರೆ ತಾಮ್ರದ ಸಂಪರ್ಕದಲ್ಲಿದ್ದ ಕಬ್ಬಿಣದ ಮೊಳೆಗಳು ಕಡಲ ನೀರಿನಲ್ಲಿ ಬೇಗನೆ ಸವೆದುಹೋದವು. 1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ತಾಮ್ರದ ಸವೆತವನ್ನು ತಡೆಯಲು ಅದಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸುವ ಉಪಾಯವನ್ನು ಮುಂದಿಟ್ಟನು. ತಾಮ್ರದ ಸವೆತವೇನೋ ನಿಂತಿತು. ಆದರೆ ತಾಮ್ರ ನೀರಿನಲ್ಲಿ ಕರಗದೆ ಹೋದುದರಿಂದ ಚಿಪ್ಪುಜೀವಿಗಳು ಮತ್ತೆ ತಳಕ್ಕೆ ಅಂಟತೊಡಗಿದವು. ತಳವನ್ನು ಶುಚಿಯಾಗಿಟ್ಟಿದ್ದುದು ನೀರಿಗೆ ನಿಧಾನವಾಗಿ ಬಿಡುಗಡೆಯಾಗುತ್ತಿದ್ದ ತಾಮ್ರದ ವಿಷಗುಣವೇ ಎಂಬುದು ಇದರಿಂದ ಸ್ಪಷ್ಟವಾಯಿತು.

ಎರಡನೆಯ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ದೋಣಿಗಳೂ ಸಂಶ್ಲೇಷಿತ ಮಾರ್ಜಕಗಳೂ ಬಳಕೆಯಲ್ಲಿ ಹೆಚ್ಚಿದವು. 1960ರ ದಶಕದಿಂದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವಿದ್ದ ಬಣ್ಣಗಳನ್ನು ತಳಕ್ಕೆ ಬಳಿಯುವ ರೂಢಿ ಹರಡಿತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಸಂತಾನ ಕುಸಿದು, ಚಿಪ್ಪುಗಳು ವಿಕಾರಗೊಂಡುದಕ್ಕೆ ಈ ಬಣ್ಣವೇ ಕಾರಣವೆಂದು ಕಂಡುಬಂದಾಗ, ಆ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಕಡಲ ಸಂಘಟನೆಯ ಆಶ್ರಯದಲ್ಲಿ 2001ರಲ್ಲಿ ರೂಪುಗೊಂಡ ಒಪ್ಪಂದ 2008ರಲ್ಲಿ ಜಾರಿಗೆ ಬಂದು, ಈ ಸಂಯುಕ್ತದ ಬಳಕೆಯನ್ನು ಜಾಗತಿಕವಾಗಿ ತಡೆಯಿತು.

ಕೊಳೆಯ ಬಗೆಗಳು

ಶುಚಿಕಾರಕವನ್ನು ಆರಿಸುವ ಮೊದಲು ಕೊಳೆಯನ್ನು ಗುರುತಿಸಬೇಕಾಗುತ್ತದೆ. ಕೊಳೆಯ ರಾಸಾಯನಿಕ ಗುಣಕ್ಕೆ ತಕ್ಕ ಪದಾರ್ಥವೇ ಅದನ್ನು ಬಿಡಿಸಬಲ್ಲದು.

ಉಪ್ಪು: ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನೀರು ಆರಿದ ಮೇಲೆ ಅವು ಹರಳುಗಟ್ಟಿ ಉಳಿಯುತ್ತವೆ. ಉಪ್ಪು ಸಿಹಿನೀರಿನಲ್ಲಿಯೇ ಕರಗುವುದರಿಂದ ಇದಕ್ಕೆ ಶುಚಿಕಾರಕ ಅಗತ್ಯವಿಲ್ಲ.

ಎಣ್ಣೆ ಮತ್ತು ಜಿಡ್ಡು: ಇಂಧನ, ಯಂತ್ರದ ಎಣ್ಣೆ, ಮೀನಿನ ಕೊಬ್ಬು ಇತ್ಯಾದಿ ನೀರಿನಲ್ಲಿ ಕರಗುವುದಿಲ್ಲ. ಇವಕ್ಕೆ ಮಾರ್ಜಕ ಅಥವಾ ಮಂದ ಕ್ಷಾರ ಬೇಕು.

ಸುಣ್ಣದ ಪದರ ಮತ್ತು ಚಿಪ್ಪು: ಬಾರ್ನಕಲ್ ಮೊದಲಾದ ಚಿಪ್ಪುಜೀವಿಗಳ ಕವಚ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಆದುದು. ಇದು ಆಮ್ಲದಲ್ಲಿ ಕರಗುತ್ತದೆ.

ತುಕ್ಕಿನ ಕಲೆ: ಇದು ಕಬ್ಬಿಣದ ಆಕ್ಸೈಡು. ಆಕ್ಸಾಲಿಕ್ ಆಮ್ಲ, ಸಿಟ್ರಿಕ್ ಆಮ್ಲಗಳು ಇದನ್ನು ಬಿಡಿಸುತ್ತವೆ. ಚಲುವೆಕಾರಕದಿಂದ ತುಕ್ಕು ಹೋಗುವುದಿಲ್ಲ.

ನೀರಿನ ಗೆರೆಯ ಹಳದಿ ಅಥವಾ ಕಂದು ಕಲೆ: ಎಲೆ, ತೊಗಟೆಗಳಿಂದ ಬಂದ ಟ್ಯಾನಿನ್, ಪಾಚಿ ಮತ್ತು ಲೋಹಾಂಶಗಳಿಂದ ಉಂಟಾಗುತ್ತದೆ. ಇದಕ್ಕೂ ಆಕ್ಸಾಲಿಕ್ ಆಮ್ಲದ ಲೇಪ ಉಪಯುಕ್ತ.

ಬೂಷ್ಟು: ಆಸನಗಳ ಮೇಲೆ, ಗಾಳಿಯಾಡದ ಕೋಣೆಗಳಲ್ಲಿ ತೇವದಿಂದ ಬೆಳೆಯುವ ಶಿಲೀಂಧ್ರ. ಒಣಗಿಸುವಿಕೆ ಮತ್ತು ಗಾಳಿ ಇದರ ಮೂಲ ಪರಿಹಾರ. ಶುಚಿಕಾರಕ ಕೇವಲ ಕಲೆಯನ್ನು ತೆಗೆಯುತ್ತದೆ.

ಶುಚಿಕಾರಕಗಳ ವರ್ಗೀಕರಣ

ತಟಸ್ಥ ಮಾರ್ಜಕಗಳು: ಪಿಎಚ್ ಮೌಲ್ಯ 7ರ ಆಸುಪಾಸಿನಲ್ಲಿರುವ ದ್ರವ ಮಾರ್ಜಕಗಳು ದಿನನಿತ್ಯದ ತೊಳೆಯುವಿಕೆಗೆ ಸಾಕಾಗುತ್ತವೆ. ಮಾರ್ಜಕದ ಅಣುವಿನ ಒಂದು ತುದಿ ನೀರನ್ನೂ ಮತ್ತೊಂದು ತುದಿ ಜಿಡ್ಡನ್ನೂ ಹಿಡಿಯುತ್ತದೆ. ಹೀಗಾಗಿ ಜಿಡ್ಡು ಸಣ್ಣ ಹನಿಗಳಾಗಿ ನೀರಿನೊಡನೆ ಹರಿದುಹೋಗುತ್ತದೆ. ಸಾಮಾನ್ಯ ಸಾಬೂನು ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೊಡನೆ ಸೇರಿ ಅಂಟಾದ ಗಸಿಯಾಗುತ್ತದೆ, ನೊರೆ ಬರುವುದಿಲ್ಲ. ಆದುದರಿಂದ ಉಪ್ಪುನೀರಿನಲ್ಲಿ ಸಂಶ್ಲೇಷಿತ ಮಾರ್ಜಕಗಳೇ ಹೆಚ್ಚು ಪರಿಣಾಮಕಾರಿ. ಪಾತ್ರೆ ತೊಳೆಯುವ ದ್ರವ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆಯಾದರೂ ಮೇಲ್ಮೈಗೆ ಹಚ್ಚಿದ ಮೇಣವನ್ನೂ ಕ್ರಮೇಣ ತೆಗೆದುಹಾಕುತ್ತದೆ.

ಆಮ್ಲಗಳು: ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಮತ್ತು ನಿಂಬೆಯ ಸಿಟ್ರಿಕ್ ಆಮ್ಲ ಮಂದವಾದವು. ಆಕ್ಸಾಲಿಕ್ ಮತ್ತು ಫಾಸ್ಫಾರಿಕ್ ಆಮ್ಲಗಳು ಅವುಗಳಿಗಿಂತ ಪ್ರಬಲ. ತಳ ತೊಳೆಯುವ ಕೆಲವು ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಇರುತ್ತದೆ. ಇದು ಚಿಪ್ಪನ್ನು ಬೇಗ ಕರಗಿಸುತ್ತದೆ, ಜೊತೆಗೆ ಅಲ್ಯೂಮಿನಿಯಂ, ಉಕ್ಕು ಹಾಗೂ ಸತುವಿನ ಲೇಪವನ್ನೂ ತಿನ್ನುತ್ತದೆ. ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ಬೆಳಗುವ ಮನೆಗಳ ರೂಢಿಯ ಹಿಂದೆಯೂ ಇರುವುದು ಆಮ್ಲದ ಗುಣವೇ. ದೋಣಿಯ ಹಿತ್ತಾಳೆ ಭಾಗಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಕ್ಷಾರಗಳು: ವಾಷಿಂಗ್ ಸೋಡ ಮಂದ ಕ್ಷಾರ, ಕಾಸ್ಟಿಕ್ ಸೋಡ ಪ್ರಬಲ ಕ್ಷಾರ. ಇವು ಕೊಬ್ಬನ್ನು ಸಾಬೂನಾಗಿ ಪರಿವರ್ತಿಸಿ ನೀರಿನಲ್ಲಿ ಕರಗಿಸುತ್ತವೆ. ಪ್ರಬಲ ಕ್ಷಾರ ಅಲ್ಯೂಮಿನಿಯಂ ಲೋಹವನ್ನು ಕರಗಿಸಿ, ಬೇಗನೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಹೊರಹಾಕುತ್ತದೆ.

ಚಲುವೆಕಾರಕಗಳು: ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬೂಷ್ಟಿನ ಕಲೆ ತೆಗೆಯಲು ಹಾಗೂ ರೋಗಾಣು ನಾಶಕ್ಕೆ ಬಳಕೆಯಲ್ಲಿದೆ. ಇದು ಆಸನದ ಹೊಲಿಗೆಯ ದಾರವನ್ನು ದುರ್ಬಲಗೊಳಿಸುತ್ತದೆ. ತುಕ್ಕುಹಿಡಿಯದ ಉಕ್ಕಿನಲ್ಲಿಯೂ ಸಣ್ಣ ಗುಳಿಗಳನ್ನು ಉಂಟುಮಾಡಬಲ್ಲದು. ಹೈಡ್ರೋಜನ್ ಪೆರಾಕ್ಸೈಡ್ ಬಳಕೆಯ ನಂತರ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಕಡಿಮೆ ಹಾನಿಕರ.

ದ್ರಾವಕಗಳು: ಸೀಮೆಎಣ್ಣೆ, ಅಸಿಟೋನ್, ಆಲ್ಕೋಹಾಲ್ ಮೊದಲಾದವು ಡಾಂಬರು, ಬಣ್ಣ, ಅಂಟುಗಳನ್ನು ಕರಗಿಸುತ್ತವೆ. ಇವೆಲ್ಲ ಬೆಂಕಿಗೆ ಬೇಗ ಸಿಲುಕುವಂಥವು. ಸೀಮೆಎಣ್ಣೆಯನ್ನು ನೀರಿಗೆ ಬಿಟ್ಟರೆ ಮೇಲ್ಮೈಯಲ್ಲಿ ತೆಳುಪದರವಾಗಿ ಹರಡುತ್ತದೆ.

ಉಜ್ಜುಪುಡಿಗಳು: ಇವು ರಾಸಾಯನಿಕವಾಗಿ ಅಲ್ಲದೆ ಘರ್ಷಣೆಯಿಂದ ಕೊಳೆಯನ್ನು ತೆಗೆಯುತ್ತವೆ. ಅಡುಗೆ ಸೋಡ ಮೃದುವಾದ ಉಜ್ಜುಪುಡಿ. ಒರಟು ಪುಡಿ ಹಾಗೂ ಉಕ್ಕಿನ ನಾರು ಮೇಲ್ಮೈಯಲ್ಲಿ ಗೀರುಗಳನ್ನು ಬಿಡುತ್ತವೆ. ಆ ಗೀರುಗಳಲ್ಲಿ ಮುಂದೆ ಕೊಳೆ ಇನ್ನಷ್ಟು ಸುಲಭವಾಗಿ ನೆಲೆಸುತ್ತದೆ. ಉಕ್ಕಿನ ನಾರಿನ ಚೂರುಗಳು ಉಳಿದರೆ ಅವೇ ತುಕ್ಕು ಹಿಡಿದು ಹೊಸ ಕಲೆಗಳಾಗುತ್ತವೆ.

ಮೇಲ್ಮೈಗೆ ತಕ್ಕ ಆಯ್ಕೆ

ಫೈಬರ್‌ಗ್ಲಾಸ್: ಇದರ ಹೊರಗಿನ ಹೊಳಪಿನ ಪದರವನ್ನು ಜೆಲ್‌ಕೋಟ್ ಎನ್ನುತ್ತಾರೆ. ಇದು ಮಿಲಿಮೀಟರಿಗಿಂತಲೂ ತೆಳ್ಳಗಿದ್ದು, ಒಮ್ಮೆ ಸವೆದರೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ತಟಸ್ಥ ಮಾರ್ಜಕ, ಮೃದುವಾದ ಬಟ್ಟೆ ಮತ್ತು ವರ್ಷದಲ್ಲಿ ಒಂದೆರಡು ಬಾರಿಯ ಮೇಣದ ಲೇಪ ಇದಕ್ಕೆ ಸೂಕ್ತ. ಬಿಸಿಲಿಗೆ ಬಣ್ಣ ಮಾಸಿ ಬಿಳಿ ಪುಡಿ ಬಿಡತೊಡಗಿದ ಜೆಲ್‌ಕೋಟ್‌ಗೆ ಹೊಳಪು ಲೇಪ ಬೇಕೇ ಹೊರತು ಹೆಚ್ಚು ಪ್ರಬಲವಾದ ಮಾರ್ಜಕವಲ್ಲ.

ಮರ: ತೇಗದ ಡೆಕ್ಕನ್ನು ಕಡಲ ನೀರು ಮತ್ತು ಮೃದು ಕುಂಚದಿಂದ, ಮರದ ಎಳೆಗಳಿಗೆ ಅಡ್ಡಲಾಗಿ ಉಜ್ಜುವುದು ಉತ್ತಮ. ಎಳೆಯ ದಿಕ್ಕಿನಲ್ಲಿಯೇ ಬಲವಾಗಿ ಉಜ್ಜಿದರೆ ಮೆತ್ತನೆಯ ಭಾಗ ಸವೆದು ಹಲಗೆಯಲ್ಲಿ ಗೆರೆಗಳು ಬೀಳುತ್ತವೆ. ಮೊದಲು ಕ್ಷಾರ, ಅನಂತರ ಆಮ್ಲ ಎಂದು ಎರಡು ಹಂತಗಳಲ್ಲಿ ಬಳಸುವ ದ್ರವಗಳು ಮರವನ್ನು ಹೊಸದರಂತೆ ಕಾಣಿಸುತ್ತವೆಯಾದರೂ ಪ್ರತಿ ಬಾರಿಯೂ ಅದರ ಒಂದಷ್ಟು ಭಾಗವನ್ನು ತೆಗೆಯುತ್ತವೆ. ಮೊಳೆಯ ಸುತ್ತ ಕಾಣುವ ಕಪ್ಪು ಕಲೆ ಮರದ ಟ್ಯಾನಿನ್ ಮತ್ತು ಕಬ್ಬಿಣದ ಸಂಯೋಗದಿಂದ ಆದುದು. ಆಕ್ಸಾಲಿಕ್ ಆಮ್ಲದಿಂದ ಅದು ತಿಳಿಯಾಗುತ್ತದೆ.

ಅಲ್ಯೂಮಿನಿಯಂ: ಈ ಲೋಹವನ್ನು ಅದರ ಮೇಲಿನ ತೆಳುವಾದ ಆಕ್ಸೈಡ್ ಪದರವೇ ಕಾಪಾಡುತ್ತದೆ. ಪ್ರಬಲ ಆಮ್ಲ, ಪ್ರಬಲ ಕ್ಷಾರ ಎರಡೂ ಆ ಪದರವನ್ನು ಕರಗಿಸುತ್ತವೆ. ತಟಸ್ಥ ಮಾರ್ಜಕ ಮಾತ್ರ ಸುರಕ್ಷಿತ. ತಾಮ್ರವಿರುವ ಬಣ್ಣ ಅಥವಾ ತಾಮ್ರದ ತಂತಿಯ ಕುಂಚವನ್ನು ಬಳಸಿದರೆ ಎರಡು ಲೋಹಗಳ ಸಂಪರ್ಕದಿಂದ ಅಲ್ಯೂಮಿನಿಯಂ ಸವೆಯುತ್ತದೆ.

ಪಾರದರ್ಶಕ ಪ್ಲಾಸ್ಟಿಕ್: ಅಕ್ರಿಲಿಕ್ ಹಾಗೂ ಪಾಲಿಕಾರ್ಬೊನೇಟ್ ಕಿಟಕಿಗಳಿಗೆ ಮನೆಯ ಗಾಜಿಗೆ ಬಳಸುವ ಅಮೋನಿಯಾಯುಕ್ತ ದ್ರವ, ಅಸಿಟೋನ್ ಮೊದಲಾದವನ್ನು ಬಳಸಬಾರದು. ಇವುಗಳಿಂದ ಕೂದಲೆಳೆಯಂತಹ ಬಿರುಕುಗಳು ಮೂಡಿ ಕಿಟಕಿ ಮಬ್ಬಾಗುತ್ತದೆ. ಆ ಹಾನಿಯನ್ನು ಸರಿಪಡಿಸಲಾಗುವುದಿಲ್ಲ. ಉಪ್ಪನ್ನು ಮೊದಲು ನೀರಿನಿಂದ ಕರಗಿಸದೆ ಒಣಬಟ್ಟೆಯಿಂದ ಒರೆಸಿದರೆ ಹರಳುಗಳು ಗೀರುತ್ತವೆ.

ಗಾಳಿ ತುಂಬುವ ದೋಣಿ: ರಬ್ಬರ್ ಅಥವಾ ಪಿವಿಸಿ ಬಟ್ಟೆಯ ದೋಣಿಗಳಿಗೆ ದ್ರಾವಕಗಳು ಅಪಾಯಕಾರಿ. ಅವು ಬಟ್ಟೆಯನ್ನಷ್ಟೇ ಅಲ್ಲದೆ ಜೋಡಣೆಯ ಅಂಟನ್ನೂ ಸಡಿಲಿಸಬಲ್ಲವು.

ತಳಭಾಗ ಮತ್ತು ಪಾಚಿನಿರೋಧಕ ಬಣ್ಣ

ತಳಕ್ಕೆ ಪಾಚಿ, ಚಿಪ್ಪುಗಳು ಅಂಟಿದಷ್ಟೂ ನೀರಿನ ಎಳೆತ ಹೆಚ್ಚಿ, ದೋಣಿಯ ವೇಗ ತಗ್ಗಿ, ಇಂಧನ ಹೆಚ್ಚು ಖರ್ಚಾಗುತ್ತದೆ. ಇದನ್ನು ತಡೆಯಲು ಬಳಿಯುವ ಬಣ್ಣಗಳಲ್ಲಿ ಇಂದು ಹೆಚ್ಚಾಗಿ ತಾಮ್ರದ ಸಂಯುಕ್ತಗಳಿರುತ್ತವೆ. ಇವುಗಳಲ್ಲಿ ಕೆಲವು ಬಣ್ಣಗಳು ಸಾಬೂನಿನಂತೆ ಸ್ವಲ್ಪಸ್ವಲ್ಪವಾಗಿ ಕರಗುವ ಗುಣದವು. ಅಂತಹ ತಳವನ್ನು ನೀರಿನಲ್ಲಿಯೇ ಬಲವಾಗಿ ಉಜ್ಜಿದರೆ ಬಣ್ಣವು ಮೋಡದಂತೆ ನೀರಿಗೆ ಹರಡಿ, ಒಂದೇ ಸಲಕ್ಕೆ ಬಹಳಷ್ಟು ತಾಮ್ರವನ್ನು ಬಿಡುಗಡೆ ಮಾಡುತ್ತದೆ. ಆದ್ದರಿಂದ ತಳದ ಶುಚೀಕರಣವನ್ನು ದೋಣಿಯನ್ನು ದಡಕ್ಕೆ ಎಳೆದ ಮೇಲೆ, ಕೆಳಗೆ ಹಾಸು ಹಾಸಿ, ಕೆರೆದ ಪುಡಿಯನ್ನು ಸಂಗ್ರಹಿಸುವ ರೀತಿಯಲ್ಲಿ ಮಾಡುವುದು ಸೂಕ್ತ. ಒಣಗಿದ ಹಳೆಯ ಬಣ್ಣವನ್ನು ಕೆರೆಯುವಾಗ ಏಳುವ ಧೂಳು ವಿಷಕಾರಿಯಾದುದರಿಂದ ಮೇಲ್ಮೈಯನ್ನು ಒದ್ದೆ ಮಾಡಿಕೊಂಡು ಕೆರೆಯುತ್ತಾರೆ.

ದೋಣಿಯನ್ನು ಒಂದು ಜಲಾಶಯದಿಂದ ಮತ್ತೊಂದಕ್ಕೆ ಸಾಗಿಸುವಾಗ ತೊಳೆಯುವುದಕ್ಕೆ ಬೇರೊಂದು ಮಹತ್ವವಿದೆ. 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡುಬಂದ ಜೀಬ್ರಾ ಚಿಪ್ಪು ಅಲ್ಲಿಂದ ಇತರ ಸರೋವರಗಳಿಗೆ ಹರಡುವುದರಲ್ಲಿ ದೋಣಿಗಳ ಪಾತ್ರ ದೊಡ್ಡದು. ಇದನ್ನು ತಡೆಯಲು ಅಲ್ಲಿ ತೊಳೆಯುವುದು, ನೀರು ಬಸಿಯುವುದು, ಒಣಗಿಸುವುದು ಎಂಬ ಮೂರು ಹಂತಗಳನ್ನು ಸೂಚಿಸುತ್ತಾರೆ. ಇಲ್ಲಿ ಮುಖ್ಯ ಶುಚಿಕಾರಕ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರು.

ಆಯ್ಕೆ ಮತ್ತು ಬಳಕೆಯ ಕ್ರಮ

ಮೃದುವಾದುದರಿಂದ ಆರಂಭಿಸಿ, ಅಗತ್ಯ ಬಿದ್ದರೆ ಮಾತ್ರ ಪ್ರಬಲವಾದುದಕ್ಕೆ ಹೋಗುವುದು ಸಾಮಾನ್ಯ ನಿಯಮ. ಮೊದಲು ಸಿಹಿನೀರು ಮತ್ತು ಕುಂಚ, ಬಳಿಕ ತಟಸ್ಥ ಮಾರ್ಜಕ, ಅದಕ್ಕೂ ಹೋಗದ ಕಲೆಗೆ ಮಾತ್ರ, ಆ ಕಲೆಯಷ್ಟೇ ಜಾಗಕ್ಕೆ, ನಿರ್ದಿಷ್ಟ ಶುಚಿಕಾರಕ. ಹೊಸ ಪದಾರ್ಥವನ್ನು ಕಣ್ಣಿಗೆ ಬೀಳದ ಸಣ್ಣ ಜಾಗದಲ್ಲಿ ಮೊದಲು ಪರೀಕ್ಷಿಸಬೇಕು. ಸೀಸೆಯ ಮೇಲೆ ಸೂಚಿಸಿದ ಪ್ರಮಾಣಕ್ಕಿಂತ ಹೆಚ್ಚು ಬೆರೆಸಿದರೆ ಶುಚಿತ್ವ ಅದೇ ಅನುಪಾತದಲ್ಲಿ ಹೆಚ್ಚುವುದಿಲ್ಲ. ಹೆಚ್ಚಾದ ಮಾರ್ಜಕ ಅಂಟಾಗಿ ಉಳಿದು ಧೂಳನ್ನು ಹಿಡಿಯುತ್ತದೆ.

ತೊಳೆಯುವಿಕೆಯನ್ನು ನೆರಳಿನಲ್ಲಿ ಅಥವಾ ಬಿಸಿಲು ಏರುವ ಮೊದಲೇ ಮಾಡುವುದು ಒಳ್ಳೆಯದು. ಕಾದ ಮೇಲ್ಮೈಯಲ್ಲಿ ದ್ರವ ಬೇಗ ಆರಿ ಕಲೆ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ, ಸ್ವಲ್ಪಸ್ವಲ್ಪ ಭಾಗವಾಗಿ ತೊಳೆದು, ಒಣಗುವ ಮುನ್ನವೇ ಸಿಹಿನೀರು ಹೊಯ್ದು, ಬಟ್ಟೆಯಿಂದ ಒರೆಸಬೇಕು. ಪ್ರತಿ ಸವಾರಿಯ ನಂತರ ಕೂಡಲೇ ನೀರು ಹಾಕಿ ತೊಳೆಯುವ ದೋಣಿಗೆ ರಾಸಾಯನಿಕಗಳ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.

ನೀರಿನ ಮೇಲಿನ ಪರಿಣಾಮ

ಮಾರ್ಜಕಗಳು ಮೀನಿನ ಕಿವಿರುಗಳನ್ನು ಕಾಯುವ ಲೋಳೆಪದರವನ್ನು ತೆಗೆದು ಅದರ ಉಸಿರಾಟಕ್ಕೆ ತೊಂದರೆ ಮಾಡುತ್ತವೆ. ಮಾರ್ಜಕಗಳಲ್ಲಿದ್ದ ಫಾಸ್ಫೇಟ್ ಪಾಚಿಗೆ ಗೊಬ್ಬರವಾಗುತ್ತದೆ. ಅತಿಯಾಗಿ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗುತ್ತದೆ. 1960ರ ದಶಕದಲ್ಲಿ ಉತ್ತರ ಅಮೆರಿಕದ ಈರಿ ಸರೋವರ ಈ ಸಮಸ್ಯೆಗೆ ತುತ್ತಾಯಿತು. 1972ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ಮಾಡಿಕೊಂಡ ಮಹಾಸರೋವರಗಳ ಒಪ್ಪಂದದ ಮುಖ್ಯ ಉದ್ದೇಶಗಳಲ್ಲಿ ರಂಜಕದ ನಿಯಂತ್ರಣವೂ ಒಂದು.

'ಜೈವಿಕವಾಗಿ ವಿಘಟನೆಯಾಗುತ್ತದೆ' ಎಂಬ ಬರಹವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಇದಕ್ಕೆ ಬಳಕೆಯಲ್ಲಿರುವ ಪ್ರಮುಖ ಪರೀಕ್ಷೆಗಳ ಅವಧಿ 28 ದಿನಗಳು. ಪದಾರ್ಥವು ಕಾಲಕ್ರಮೇಣ ಒಡೆಯುತ್ತದೆ ಎಂಬುದನ್ನು ಅವು ತೋರಿಸುತ್ತವೆಯೇ ಹೊರತು, ನೀರಿಗೆ ಬಿದ್ದ ಗಳಿಗೆಯಲ್ಲಿ ಅದು ನಿರಪಾಯಕಾರಿ ಎಂಬುದನ್ನಲ್ಲ. 'ನೈಸರ್ಗಿಕ' ಎಂಬ ಮಾತೂ ಹಾಗೆಯೇ. ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುವ ಸಪೋನಿನ್ ಮೀನುಗಳಿಗೆ ವಿಷ. ಮೀನು ಹಿಡಿಯಲು ಅದನ್ನು ನೀರಿಗೆ ಕದಡುವ ರೂಢಿಯೂ ಇತ್ತು. ಕಿತ್ತಳೆ ಸಿಪ್ಪೆಯಿಂದ ತೆಗೆಯುವ ಲಿಮೊನೀನ್ ಕೂಡ ಜಲಚರಗಳಿಗೆ ಹಾನಿಕರ. ಪರಿಸರಸ್ನೇಹಿ ವಸ್ತುಗಳನ್ನು ಗುರುತಿಸಲು ಭಾರತದಲ್ಲಿ 1991ರಲ್ಲಿ ಇಕೋಮಾರ್ಕ್ ಯೋಜನೆ ಆರಂಭವಾಯಿತು. ಅದರ ವ್ಯಾಪ್ತಿಯಲ್ಲಿ ಸಾಬೂನು ಮತ್ತು ಮಾರ್ಜಕಗಳೂ ಇವೆ.

ದೋಣಿಯ ತಳಗುಂಡಿಯಲ್ಲಿ ನಿಂತ ಎಣ್ಣೆಮಿಶ್ರಿತ ನೀರಿಗೆ ಮಾರ್ಜಕ ಸುರಿಯುವುದು ಸಾಮಾನ್ಯ ತಪ್ಪು. ಮಾರ್ಜಕವು ಎಣ್ಣೆಯನ್ನು ಇಲ್ಲವಾಗಿಸುವುದಿಲ್ಲ. ಕಣ್ಣಿಗೆ ಕಾಣದ ಹನಿಗಳಾಗಿ ಒಡೆದು ಪಂಪಿನ ಮೂಲಕ ಹೊರಗೆ ಹೋಗುವಂತೆ ಮಾಡುತ್ತದೆ. ಎಣ್ಣೆ ಮತ್ತು ನೀರನ್ನು ಬೇರ್ಪಡಿಸುವ ಉಪಕರಣವೂ ಇದರಿಂದ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಣ್ಣೆಯನ್ನು ಹೀರುವ ಹಾಳೆಗಳನ್ನು ಬಳಸಿ, ದಡದಲ್ಲಿ ವಿಲೇವಾರಿ ಮಾಡುವುದೇ ಸರಿಯಾದ ಕ್ರಮ.

ಸುರಕ್ಷತೆ

ಎರಡು ಶುಚಿಕಾರಕಗಳನ್ನು ಎಂದಿಗೂ ಬೆರೆಸಬಾರದು. ಹೈಪೋಕ್ಲೋರೈಟ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲವೂ, ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲವೂ ಬಿಡುಗಡೆಯಾಗುತ್ತವೆ. ಎರಡೂ ಶ್ವಾಸಕೋಶಕ್ಕೆ ಮಾರಕ. ದೋಣಿಯ ಒಳಕೋಣೆಗಳು ಇಕ್ಕಟ್ಟಾಗಿದ್ದು ಗಾಳಿಯ ಸಂಚಾರ ಕಡಿಮೆ ಇರುವುದರಿಂದ ಅಪಾಯ ಇನ್ನೂ ಹೆಚ್ಚು. ಒಂದು ಪದಾರ್ಥದ ನಂತರ ಮತ್ತೊಂದನ್ನು ಬಳಸಬೇಕಾದರೆ ನಡುವೆ ಹೇರಳವಾಗಿ ನೀರು ಹೊಯ್ದು ತೊಳೆಯಬೇಕು. ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಹಾಕಬೇಕೇ ವಿನಾ ಆಮ್ಲಕ್ಕೆ ನೀರನ್ನಲ್ಲ. ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ಮೂತ್ರಪಿಂಡಗಳಿಗೆ ಗಂಭೀರ ಹಾನಿಯಾಗುತ್ತದೆ. ಕೈಗವಸು ಮತ್ತು ಕನ್ನಡಕ ಅವಶ್ಯಕ. ಕುಡಿಯುವ ನೀರಿನ ಸೀಸೆಗಳಲ್ಲಿ ಶುಚಿಕಾರಕವನ್ನು ತುಂಬಿಡಬಾರದು.

ಕರ್ನಾಟಕದಲ್ಲಿ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಿದೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರ ಮೊದಲಾದ ಬಂದರುಗಳಲ್ಲಿ ದೋಣಿಗಳ ಶುಚೀಕರಣ, ದುರಸ್ತಿ, ಬಣ್ಣ ಬಳಿಯುವ ಕೆಲಸಗಳಿಗೆ ಈ ಬಿಡುವು ಒದಗಿಬರುತ್ತದೆ. ಹಿಂದೆ ಪಶ್ಚಿಮ ಕರಾವಳಿಯ ಮರದ ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆ ಹಾಗೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಚ್ಚಿ ಮರವನ್ನು ರಕ್ಷಿಸುತ್ತಿದ್ದರು.

ಮೀನುಗಾರಿಕಾ ದೋಣಿಗಳಲ್ಲಿ ಮಂಜುಗಡ್ಡೆಯೊಡನೆ ಮೀನು ತುಂಬಿಡುವ ಕೋಣೆಯ ಶುಚಿತ್ವ ಆಹಾರ ಸುರಕ್ಷತೆಗೆ ಸಂಬಂಧಿಸಿದೆ. ಇಲ್ಲಿ ಕ್ರಮ ಮುಖ್ಯ. ರಕ್ತ, ಲೋಳೆ, ಪೊರೆಗಳನ್ನು ಮೊದಲು ನೀರು ಮತ್ತು ಮಾರ್ಜಕದಿಂದ ಪೂರ್ತಿಯಾಗಿ ತೆಗೆದು, ಆ ಮೇಲೆ ಕ್ಲೋರಿನ್ ದ್ರಾವಣ ಬಳಸಬೇಕು. ಜೈವಿಕ ಕೊಳೆ ಉಳಿದಿದ್ದರೆ ಕ್ಲೋರಿನ್ ಅದರೊಡನೆಯೇ ವರ್ತಿಸಿ ವ್ಯಯವಾಗುತ್ತದೆ, ರೋಗಾಣುಗಳು ಹಾಗೆಯೇ ಉಳಿಯುತ್ತವೆ.

ತುಂಗಭದ್ರಾ ನದಿಯಲ್ಲಿ ಹಂಪಿಯ ಬಳಿ ಬಳಕೆಯಲ್ಲಿರುವ ಹರಿಗೋಲು ಬಿದಿರಿನ ಹೆಣಿಗೆಯದು. ಹಿಂದೆ ಇದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರಿನ ಲೇಪವಿರುತ್ತದೆ. ಇದನ್ನು ತೊಳೆಯಲು ನೀರು ಮತ್ತು ಕುಂಚ ಸಾಕು. ಸೀಮೆಎಣ್ಣೆಯಂತಹ ದ್ರಾವಕ ತಗುಲಿದರೆ ನೀರನ್ನು ತಡೆಯುವ ಡಾಂಬರೇ ಕರಗಿಹೋಗುತ್ತದೆ. ನದಿ ಮತ್ತು ಜಲಾಶಯಗಳ ನೀರು ದಡದ ಊರುಗಳಿಗೆ ಕುಡಿಯುವ ನೀರೂ ಆಗಿರುವುದರಿಂದ, ಒಳನಾಡಿನಲ್ಲಿ ದೋಣಿಗಳನ್ನು ದಡಕ್ಕೆ ಎಳೆದು, ಕೊಳೆನೀರು ಮಣ್ಣಿನಲ್ಲಿ ಇಂಗುವಷ್ಟು ದೂರದಲ್ಲಿ, ಸಾಧ್ಯವಾದಷ್ಟು ಕಡಿಮೆ ಶುಚಿಕಾರಕದಿಂದ ತೊಳೆಯುವುದು ಉಚಿತ.